ಥಂಡಿಗೆ ಕಾದ ತಾಯಣ್ಣ

ಬೇಸಿಗೆಯಲ್ಲಿ ಥಂಡಿ ಬೇಡಿಕೊಳ್ಳುವವರು ರಾಯಚೂರಿನ ಓಣಿ ಓಣಿಗೂ ಸಿಗುತ್ತಾರೆ. ಚಳಿಗಾಲದಲ್ಲಿ, ಜನ ಕೌದಿಯೊಳಗಿಂದ ಮೂಗು ಹೊರಗೆ ಹಾಕದ ಹೊತ್ತಿನಲ್ಲಿ, ‘ಇನ್ನಷ್ಟು ಬೀಳಲಿ, ಇನ್ನಷ್ಟು ಬೀಳಲಿ’ ಎಂದು ಬೇಡಿಕೊಂಡವನು ತಾಯಣ್ಣ ಒಬ್ಬನೇ. ಈ ವರ್ಷ ಸಂಕ್ರಾಂತಿ ಕಳೆದ ವಾರಕ್ಕೆ ಅವನು ತೀರಿಕೊಂಡ. ನಲವತ್ತಾರು ವರ್ಷ. ಎದೆನೋವು ಅಂದ, ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದುಹೋಯಿತು. ಅದರ ಬಗ್ಗೆ ಹೇಳಲು ಇನ್ನೇನೂ ಇಲ್ಲ. ಹೇಳಬೇಕಾದದ್ದು ಎಪ್ಪತ್ತೊಂಬತ್ತರ ಚಳಿಗಾಲದ ಮಾತು. ಅವನೇ ಹೇಳಿದ್ದರೆ ಕೂತಲ್ಲಿ ಕೂಡದೆ, ಎದ್ದು ನಿಂತು, ಕೈ ಬೀಸಿ ಬೀಸಿ ಹೇಳುತ್ತಿದ್ದ.

ಕಲ್ಮಲದ ದಾರಿಯಲ್ಲಿ ಜೋಳದ ತಳಿಗಳನ್ನು ಬೆಳೆದು ನೋಡುವ ಸಣ್ಣದೊಂದು ಫಾರಂ ಇತ್ತು. ತಾಯಣ್ಣ ಅಲ್ಲಿ ಹವಾಮಾನ ಬರೆದಿಡುವ ಕೆಲಸದವನು. ಕೂಲಿ ಮಾಡಿ ಉಂಡ ಮನೆತನದಲ್ಲಿ ಮೆಟ್ರಿಕ್ ಪಾಸಾದವನು ಅವನೇ ಮೊದಲು. ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ರಾಯಚೂರಿನಿಂದ ಸೈಕಲ್ ತುಳಿದು ಬಂದು, ದಿಬ್ಬದ ಮೇಲಿನ ಬಿಳಿ ಬಣ್ಣದ ಪೆಟ್ಟಿಗೆಯ ಬಾಗಿಲು ತೆರೆಯುತ್ತಿದ್ದ. ಒಳಗೆ ಅಡ್ಡ ಮಲಗಿಸಿದ ಒಂದು ಥರ್ಮಾಮೀಟರ್. ಅದರ ನಳಿಗೆಯೊಳಗೆ ಗುಂಡುಸೂಜಿಯಂಥ ಒಂದು ಕಡ್ಡಿ. ರಾತ್ರಿ ಎಷ್ಟು ಥಂಡಿ ಬಿದ್ದಿತ್ತೋ ಅಲ್ಲಿಯವರೆಗೆ ಸರಿದು ಆ ಕಡ್ಡಿ ನಿಂತುಬಿಡುತ್ತದೆ. ಬೆಳಗಾಗಿ ಬಿಸಿಲೇರಿದರೂ ಜಾಗ ಬಿಟ್ಟು ಅಲ್ಲಾಡುವುದಿಲ್ಲ. ತಾಯಣ್ಣ ಅದನ್ನು ಓದಿ, ರಿಜಿಸ್ಟರಿನಲ್ಲಿ ಬರೆದು, ಥರ್ಮಾಮೀಟರನ್ನು ಒಂದಿಷ್ಟು ಓರೆ ಮಾಡಿ ಕಡ್ಡಿಯನ್ನು ಮತ್ತೆ ಮೇಲಕ್ಕೆ ತರುತ್ತಿದ್ದ.

ಅವನ ಹೆಂಡತಿ ಮೂಕಮ್ಮನಿಗೆ ಇದೊಂದು ನಗೆಯ ಮಾತು. “ನಿನ್ನ ಗಂಡ ಏನ್ ನೌಕರಿ ಮಾಡ್ತಾನಬೇ ಅಂತ ಓಣ್ಯಾಗ ಕೇಳಿದ್ರ ಏನ್ ಹೇಳ್ಲಿ? ಥಂಡಿ ಅಳೀತಾನವ್ವಾ ಅಂತೀನಿ. ಅವ್ರು ಸೆರಗು ಬಾಯಾಗಿಟ್ಕೊಂಡು ನಗ್ತಾರ.”

“ನಗ್ಲಿ ಬಿಡು. ಅಳಿಯೋವ ಇಲ್ಲಾಂದ್ರ ಥಂಡಿಗೆ ತಾ ಎಷ್ಟದೀನಿ ಅಂತ ಗೊತ್ತಾಗಬೇಕಲ್ಲ,” ಎನ್ನುತ್ತಿದ್ದ ತಾಯಣ್ಣ.

ಎಪ್ಪತ್ತೇಳರಲ್ಲಿ ಫಾರಂನಿಂದ ಹಳ್ಳಿಗಳಿಗೆ ಹೊಸ ತಳಿಯ ಬೀಜ ಹೊರಟಿತು. ಗಿಡ ಗಿಡ್ಡ, ತೆನೆ ದೊಡ್ಡದು. ದೇವದುರ್ಗದ ಕಡೆಯ ಜಾಲಹಳ್ಳಿಗೆ ಬೀಜದ ಚೀಲ ಹೊತ್ತುಕೊಂಡು ಹೋದವನು ತಾಯಣ್ಣನೇ. ಆ ಊರು ಅವನಿಗೆ ಹೊಸದಲ್ಲ. ಅವನ ತಾಯಿ ಪ್ರತಿ ಸುಗ್ಗಿಗೂ ಅಲ್ಲಿನ ಜಂಬಮ್ಮನ ಹೊಲಕ್ಕೆ ಜೋಳ ಕೀಳಲು ಹೋಗುತ್ತಿದ್ದಳು. ಜಂಬಮ್ಮನದು ಕುರಿ ಕಾಯ್ದು, ಹೊಲ ಮಾಡಿ ಬದುಕಿದ ಮನೆತನ. ವಯಸ್ಸು ಅರವತ್ತು, ಬಾಯಿ ಇಪ್ಪತ್ತರದು. ಮಗ ಅಂಬಣ್ಣ ಹೊಸದೆಂದರೆ ಮುಂದಾಗುವ ಆಸಾಮಿ. ತಾಯಣ್ಣನ ಚೀಲ ಕಂಡದ್ದೇ ತಡ, ಮೂರೂ ಹೊಲಕ್ಕೆ ಹೊಸ ಬೀಜವನ್ನೇ ಬಿತ್ತಿಬಿಟ್ಟ.

ಮೂರು ಹೊಲಗಳಲ್ಲಿ ಎರಡು ದಿಬ್ಬದ ಮೇಲೆ. ಮೂರನೆಯದಕ್ಕೆ ‘ತಗ್ಗು’ ಎಂದೇ ಹೆಸರು. ಎರಡು ಗುಡ್ಡದ ನಡುವೆ, ಹಳ್ಳದ ದಂಡೆಗೆ, ಬೋಗುಣಿಯ ತಳದಂತೆ ಇದ್ದ ಹೊಲ. ನೀರು ಹಿಡಿದಿರುವುದರಿಂದ ಅಲ್ಲಿ ಬಿತ್ತುವುದೇ ಹದಿನೈದು ದಿನ ತಡ.

ಜಂಬಮ್ಮನ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮೂರೂ ಹೊಲಕ್ಕೆ ಬೇಕಾದ ಬಿತ್ತಗಿಯನ್ನು, ಅಂದರೆ ಬಿತ್ತುವ ಕಾಳನ್ನು, ತಗ್ಗಿನಿಂದಲೇ ಆರಿಸಬೇಕು. ಅದೂ ಎಲ್ಲ ಗಿಡದಿಂದಲ್ಲ. ಚಳಿಗಾಲದಲ್ಲಿ ಜೋಳದ ಕೆಲವು ಗಿಡಗಳ ಸುಳಿಯಿಂದ ಹೊರಬರುವ ಎಲೆಗೆ ಅಡ್ಡಡ್ಡ ಬಿಳಿ ಪಟ್ಟೆ ಬಿದ್ದಿರುತ್ತವೆ, ಮೂರು ಬೆರಳಿನಿಂದ ವಿಭೂತಿ ಎಳೆದಂತೆ. ಆ ಗಿಡ ದೇವರದು, ಬಿತ್ತಗಿಗೆ ಇಡಬಾರದು ಎಂದು ಜಂಬಮ್ಮನ ಅತ್ತೆ ಹೇಳಿಟ್ಟಿದ್ದಳು. ಎಳ್ಳು ಅಮಾವಾಸ್ಯೆಯ ಎಳ್ಳಮಾಸಿ ಹಬ್ಬದ ದಿನ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಚರಗ ಚೆಲ್ಲಿ, ಉಂಡಾದ ಮೇಲೆ ಮನೆಯ ಹಿರಿಯಳು ತಗ್ಗಿಗೆ ಇಳಿದು, ಪಟ್ಟೆ ಇಲ್ಲದ ಗಿಡಗಳನ್ನು ಹುಡುಕಿ ದಂಟಿಗೆ ಕೆಂಪು ದಾರ ಕಟ್ಟುತ್ತಿದ್ದಳು. ಸುಗ್ಗಿಯಲ್ಲಿ ದಾರ ಕಂಡ ಗಿಡದ ತೆನೆ ಮಾತ್ರ ಬಿತ್ತಗಿಯ ಗಡಿಗೆಗೆ. ಯಾಕೆ ಎಂದು ಯಾರೂ ಕೇಳಿದ್ದಿಲ್ಲ.

ಆ ವರ್ಷ ಎಳ್ಳಮಾಸಿಗೆ ತಗ್ಗಿಗೆ ಇಳಿದರೆ, ಹೊಲಕ್ಕೆ ಹೊಲವೇ ವಿಭೂತಿ! ಒಂದು ಗಿಡವೂ ಬಿಟ್ಟಿಲ್ಲ. ದಾರ ಹಿಡಿದ ಜಂಬಮ್ಮನ ಕೈ ಹಾಗೇ ನಿಂತಿತು. ಅಂಬಣ್ಣ ಮಾತ್ರ ಕುಣಿದಾಡಿದ.

“ಯವ್ವಾ, ವರ್ಷಾ ನಾಕು ಗಿಡ ದೇವ್ರಿಗೆ ಬಿಡ್ತಿದ್ದಿ. ಈ ವರ್ಷ ದೇವ್ರು ಇಡೀ ಹೊಲಕ್ಕೇ ಕೈ ಇಟ್ಟಾನ! ಇನ್ನೇನು ಬೇಕು?” ಎಂದು ಬದುವಿನ ಮೇಲೆ ಎರಡು ಕಾಯಿ ಒಡೆದ. ಊರಿಗೆಲ್ಲ ಬೆಲ್ಲ ಹಂಚಿದ.

ತೆನೆ ಹೊರಬಂದವು, ದೊಡ್ಡವೇ. ಸಂಕ್ರಾಂತಿ ದಾಟಿ, ಕಾಳು ಹಾಲು ತುಂಬುವ ಹೊತ್ತಿಗೆ ಜಂಬಮ್ಮ ಒಂದು ತೆನೆ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ನೋಡಿದಳು. ಹೊಟ್ಟು ಸರ‍್ರೆಂದಿತು. ಇನ್ನೊಂದು ಒತ್ತಿದಳು. ಅದೂ ಜೊಳ್ಳು. ದಿಬ್ಬದ ಹೊಲಗಳು ತುಂಬಿ ನಿಂತಿದ್ದವು, ತಗ್ಗು ಪೂರಾ ಜೊಳ್ಳು.

ವಾರದಲ್ಲೇ ಜಂಬಮ್ಮ ಬಸ್ ಹತ್ತಿ ರಾಯಚೂರಿಗೆ ಬಂದಳು. ತಾಯಣ್ಣನ ಮನೆ ಹುಡುಕಿ, ಸೆರಗಿನಲ್ಲಿ ಕಟ್ಟಿ ತಂದಿದ್ದ ತೆನೆಯನ್ನು ಅವನ ಮುಂದೆ ಎಸೆದಳು.

“ಒತ್ತಿ ನೋಡಪಾ, ಫಾರಂ ಸಾಹೇಬ. ಒತ್ತು. ಜೋಳ ಹೊಂಡತಾದೋ ನಿಮ್ಮ ಸರ್ಕಾರದ ಗಾಳಿ ಹೊಂಡತಾದೋ ನೋಡು.”

ತಾಯಣ್ಣ ಒತ್ತಿದ. ಬರೀ ಹೊಟ್ಟು. ಆ ಬೀಜ ಕೊಟ್ಟ ಕೈ ತನ್ನದೇ.

“ಹಳೇ ಬಿತ್ತಗಿ ಎಷ್ಟದ ಯವ್ವಾ?”

“ಒಂದು ಗಡಗಿ. ಬೂದ್ಯಾಗ ಮುಚ್ಚಿಟ್ಟೀನಿ, ಅಂಬಣ್ಣಗ ಹೇಳಿಲ್ಲ. ಅವನ ತಲ್ಯಾಗ ತಪ್ಪು ಬೀಜದ್ದಲ್ಲ, ಹೊಲದ್ದಂತ. ಗೊಬ್ಬರ ಕಮ್ಮಿ ಆಗೇದಂತ. ನೋಡು ತಾಯಣ್ಣ, ಅರ್ಧ ಗಡಗಿ ನಿನಗ ಕೊಡ್ತೀನಿ. ನಿಮ್ಮ ಫಾರಂನಾಗ ಎರಡೂ ಬೀಜ ಮಗ್ಗಲಕ ಮಗ್ಗಲ ಹಾಕಿ, ನಂದು ಹೆಚ್ಚು ಅಂತ ಸಾಹೇಬ್ರ ಕೈಲಿ ಬರಸ್ಕೊಂಡು ಬಾ. ಕಾಗದ ಕಂಡ್ರ ನನ್ನ ಮಗ ನಂಬ್ತಾನ, ಅವ್ವನ್ನ ನಂಬಂಗಿಲ್ಲ. ಆಗಲಿಲ್ಲಂದ್ರ ಉಳಿದರ್ಧ ಬೂದಿ ಕೇರಿ ರೊಟ್ಟಿ ಬಡದುಬಿಡ್ತೀನಿ. ಬಿತ್ತಲಾರದ ಬಿತ್ತಗಿ ಎಷ್ಟು ದಿನ ಇಡ್ಲಿ?”

ಆ ಬೀಜ ಬೇರೆ ಎಲ್ಲೂ ಇರಲಿಲ್ಲ. ಅವಳ ಅತ್ತೆ, ಅತ್ತೆಯ ಅತ್ತೆ, ಅದಕ್ಕೂ ಹಿಂದಿನವರು ದಾರ ಕಟ್ಟಿ ಉಳಿಸಿದ್ದು ಆ ಒಂದು ಗಡಿಗೆಯಲ್ಲಿ ಬಂದು ನಿಂತಿತ್ತು. ತಾಯಣ್ಣನಿಗೆ ಆ ವರ್ಷವೆಲ್ಲ ಅದೇ ಧ್ಯಾನ.

ಹಿಂಗಾರಿ ಬಂತು. ತಾಯಣ್ಣ ಫಾರಂ ಸಾಹೇಬರ ಹಿಂದೆ ಬಿದ್ದು ಎರಡು ಮಡಿ ಜಾಗ ಕೇಳಿದ. ಮೈಸೂರು ಕಡೆಯ ಆ ಸಾಹೇಬರು ಮಿತಭಾಷಿ, ಆದರೆ ನ್ಯಾಯವಂತರು. “ಎಲ್ಲಿ ಬೇಕೋ ಆರಿಸಿಕೋ” ಎಂದರು. ತಾಯಣ್ಣ ಯೋಚನೆ ಮಾಡಲಿಲ್ಲ. ದೊಡ್ಡವರ ಮನೆಯ ಬೀಜ, ಮೊದಲ ಸಲ ಊರು ಬಿಟ್ಟು ಬಂದಿದೆ, ಕಂಡ ಕಂಡಲ್ಲಿ ಕೂರಿಸಲಾದೀತೇ? ದಿಬ್ಬದ ಮೇಲೆ, ಬಾವಿಯ ಮಗ್ಗುಲಲ್ಲಿ, ಫಾರಂಗೇ ಒಳ್ಳೆಯ ಮಡಿ ಆರಿಸಿದ. ಮನೆಗೆ ಬಂದ ಬೀಗರಿಗೆ ಹಾಸುವ ಹಾಗೆ ಹದ ಮಾಡಿ, ಕಸ ಆರಿಸಿ, ನೀರು ಬಿಟ್ಟು ಬೆಳೆಸಿದ.

ಎರಡೂ ಬೀಜ ಸೊಂಪಾಗಿ ಎದ್ದವು. ಎರಡೂ ತುಂಬಿದವು. ವಿಭೂತಿ ಎಲ್ಲೂ ಇಲ್ಲ. ಸಾಹೇಬರು ಕಾಳು ಅಳೆದು, ತೂಗಿ, ರಿಜಿಸ್ಟರಿನಲ್ಲಿ ಒಂದೇ ಸಾಲು ಬರೆದರು: ‘ವ್ಯತ್ಯಾಸವಿಲ್ಲ.’ ಸುತ್ತಲಿನ ತಳಿಗಳ ಪರಾಗ ಬಿದ್ದು ಬೆರಕೆಯಾಗಿರುತ್ತದೆ ಎಂದು ಆ ಮಡಿಯ ಕಾಳನ್ನು ಬೀಜಕ್ಕೆ ಇಡಲಿಲ್ಲ. ಅರ್ಧ ಗಡಿಗೆ ಹೀಗೆ ಹೋಯಿತು.

ತಾಯಣ್ಣ ಜಾಲಹಳ್ಳಿಗೆ ಕಾರ್ಡು ಬರೆದ. ಇದ್ದದ್ದನ್ನು ಇದ್ದಂತೆ ಬರೆದ. ಅಂಬಣ್ಣ ಅದನ್ನು ತಾಯಿಗೆ ಗಟ್ಟಿಯಾಗಿ, ಎರಡು ಸಲ ಓದಿ ಹೇಳಿದನಂತೆ.

ಕಾರ್ಡು ಹಾಕಿದ ನಾಲ್ಕನೆಯ ದಿನ, ಫೆಬ್ರವರಿಯ ಒಂದು ಬೆಳಿಗ್ಗೆ. ತಾಯಣ್ಣ ಎಂದಿನಂತೆ ಸೈಕಲ್ ತುಳಿಯುತ್ತ ಫಾರಂಗೆ ಹೊರಟಿದ್ದ. ಊರು ದಾಟಿದ ಮೇಲೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಸೈಕಲ್ ಬಿಟ್ಟ. ತಳ ಮುಟ್ಟುತ್ತಿದ್ದಂತೆ ಎದೆಗೆ ತಣ್ಣೀರು ಎರಚಿದಂತಾಯಿತು. ಕಿವಿ ಜುಮ್ಮೆಂದವು. ಏರು ಹತ್ತಿದ, ಬೆಚ್ಚಗಾಯಿತು. ಹನ್ನೊಂದು ವರ್ಷದಿಂದ ದಿನಾ ಹೀಗೇ ಆಗುತ್ತಿತ್ತು, ದಿನಾ ಮಫ್ಲರ್ ಬಿಗಿದುಕೊಂಡು ಹೋಗುತ್ತಿದ್ದ. ಅವತ್ತು ಏರಿನ ಮೇಲೆ ಗಕ್ಕನೆ ಬ್ರೇಕು ಹಾಕಿದ.

ಸೈಕಲ್ ತಿರುಗಿಸಿ ಮತ್ತೆ ಇಳಿದ. ತಣ್ಣಗೆ. ಹತ್ತಿದ. ಬೆಚ್ಚಗೆ. ಮತ್ತೆ ಇಳಿದ.

ಹಾಲಿನ ಕ್ಯಾನು ಕಟ್ಟಿಕೊಂಡು ಎದುರಿಗೆ ಬರುತ್ತಿದ್ದ ಹುಲಿಗೆಪ್ಪ ಕಾಲೂರಿ ನಿಂತ. “ಯಾಕಲೇ ತಾಯಣ್ಣ, ಏನರ ಕಳದೇತೇನು?”

“ಸಿಕ್ಕದ! ಥಂಡಿ ಸಿಕ್ಕದ! ಇದು ಹರೀತದೋ ಹುಲಿಗೆಪ್ಪ, ನೀರಿನಂಗ ಹರೀತದ! ದಿಬ್ಬದ ಮ್ಯಾಲಿಂದ ಇಳದು ತಗ್ಗಿನ್ಯಾಗ ಬಂದು ತುಂಬ್ಕೊಂತದ!”

“ಹೊತ್ತು ಮೂಡೋದ್ರಾಗ ಕುಡ್ದಿಯೇನು?” ಎಂದು ಹುಲಿಗೆಪ್ಪ ಹಾಲು ತುಳುಕಿಸಿಕೊಂಡು ಹೋದ.

ಬೀಗರಿಗೆ ಹಾಸಿದ ಮೆತ್ತನೆಯ ಹಾಸಿಗೆಯೇ ತಪ್ಪಾಗಿತ್ತು. ಥಂಡಿ ನಿಲ್ಲದ ದಿಬ್ಬದ ಮೇಲೆ ಆ ಬೀಜಕ್ಕೆ ತನ್ನ ಕಸುವು ತೋರಿಸುವ ಕೆಲಸವೇ ಬಿದ್ದಿರಲಿಲ್ಲ. ತನ್ನ ಥರ್ಮಾಮೀಟರ್ ಪೆಟ್ಟಿಗೆಯೂ ದಿಬ್ಬದ ಮೇಲೇ ಇತ್ತು. ಹನ್ನೊಂದು ವರ್ಷ ಬರೆದದ್ದೆಲ್ಲ ದಿಬ್ಬದ ಥಂಡಿ, ತಗ್ಗಿನದಲ್ಲ. ತಾಯಣ್ಣ ಫಾರಂಗೆ ಹಾರಿಹೋಗಿ ಕಡ್ಡಿ ಓದಿ ಬರೆದ, ಅಷ್ಟು ಮಾತ್ರ ಮರೆಯಲಿಲ್ಲ. ರಜೆಯ ಚೀಟಿ ಮೇಜಿನ ಮೇಲಿಟ್ಟು ದೇವದುರ್ಗದ ಬಸ್ಸಿಗೆ ಓಡಿದ. ಕಾರ್ಡು ನಿನ್ನೆಯೇ ತಲುಪಿರುತ್ತದೆ. ಜಂಬಮ್ಮ ಹೇಳಿದ ಮಾತು ಮಾಡುವವಳು.

ಜಾಲಹಳ್ಳಿಯಲ್ಲಿ ಇಳಿದು ಮನೆಯ ತನಕ ಓಡಿದ. ಅಂಗಳದಲ್ಲಿ ಜಂಬಮ್ಮ ಕೂತಿದ್ದಳು. ಮುಂದೆ ಖಾಲಿ ಗಡಿಗೆ, ಒಂದು ಕಡೆ ಬೂದಿಯ ಗುಡ್ಡೆ, ಕೈಯಲ್ಲಿ ಕೇರುವ ಮೊರ. ಮೊರದಲ್ಲಿ ಮುತ್ತಿನಂಥ ಜೋಳ.

“ಯವ್ವಾ, ನಿಲ್ಲು! ಬೀಸಿಯೇನು?”

“ಇನ್ನ ಇಲ್ಲ. ಯಾಕ, ಬಿಸಿ ರೊಟ್ಟಿಗೆ ಓಡಿ ಬಂದಿಯೇನು? ಕೂಡು, ಪುಂಡಿಪಲ್ಯ ಅದ.”

ತಾಯಣ್ಣ ಮೊರವನ್ನೇ ಎರಡೂ ಕೈಯಿಂದ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ. ಉಸಿರು ಸಿಗದೆ, ಸೈಕಲ್, ಹಳ್ಳ, ಮಫ್ಲರು, ದಿಬ್ಬ ಎಲ್ಲ ಕಲಸಿ ಹೇಳಿದ. ಜಂಬಮ್ಮ ಪೂರ್ತಿ ಕೇಳಿದಳು.

“ಇಷ್ಟಕ್ಕ ಓಡಿ ಬಂದ್ಯಾ? ತಗ್ಗಿನ್ಯಾಗ ಥಂಡಿ ಹೆಚ್ಚಂತ ನಮ್ಮ ಕುರಿಗೂ ಗೊತ್ತದ. ಅಲ್ಲಿ ಮಲಗಂದ್ರ ಮಲಗಂಗಿಲ್ಲ ಅವು,” ಎಂದಳು. ಆಮೇಲೆ ಮೊರ ಅವನ ಕೈಯಿಂದ ಬಿಡಿಸಿಕೊಂಡು, ಕಾಳನ್ನೂ ಬೂದಿಯನ್ನೂ ಮತ್ತೆ ಗಡಿಗೆಗೆ ಸುರಿದಳು. ಬಾಗಿಲಲ್ಲಿ ನಿಂತಿದ್ದ ಅಂಬಣ್ಣ ಆ ಗಡಿಗೆ ಇರುವುದನ್ನು ಕಂಡದ್ದೇ ಆ ದಿನ.

“ಕಾಗದದಾಗ ಏನೂ ಫರಕಿಲ್ಲ ಅಂತ ಬರದಾರ,” ಎಂದ ಅವನು. ತಾಯಣ್ಣ ಅವನ ಕಡೆ ತಿರುಗಿದ.

“ತಪ್ಪು ಜಾಗದಾಗ ಕೇಳಿದ ಪ್ರಶ್ನಿಗೆ ಬಂದ ಉತ್ತರಪಾ ಅದು. ಈ ಸಲ ತಗ್ಗಿನ್ಯಾಗ. ಹೊಲಕ್ಕ ನಡುವ ಗೆರಿ ಹೊಡಿ, ಆ ಅರ್ಧ ನಿನ್ನ ಬೀಜ, ಈ ಅರ್ಧ ನಿಮ್ಮವ್ವಂದು. ಗೊಬ್ಬರ ಎರಡಕ್ಕೂ ನಿನ್ನ ಕೈಲೇ ಹಾಕು. ಸಾಹೇಬ್ರನ್ನ ಕರ್ಕೊಂಡು ಬರೋದು ನನ್ನ ಜವಾಬ್ದಾರಿ.”

ಅಂಬಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. “ಇದೇ ಕಡೀದು. ಇದರಾಗೂ ಫರಕ್ ಕಾಣ್ಲಿಲ್ಲಂದ್ರ ಆ ಗಡಗಿ ಹೆಸರು ಎತ್ತಂಗಿಲ್ಲ.”

ಮುಂದಿನ ಭಾನುವಾರ ತಾಯಣ್ಣ ಮಾನ್ವಿಗೆ ಹೋದ. ಅಲ್ಲಿ ಅವನ ಗೆಳೆಯ ಬುರ್ಹಾನುದ್ದೀನ್ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಮೆಟ್ರಿಕ್‌ಗೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ತಾಯಣ್ಣನ ಮಾತು ಮುಗಿಯುವುದರೊಳಗೆ ಮಾಸ್ತರರು ಕಪಾಟಿನಿಂದ ನಾಲ್ಕು ಪುಸ್ತಕ ಇಳಿಸಿದ್ದರು.

“ಎಲಿಗೆ ಬಿಳಿ ಪಟ್ಟಿ ಥಂಡಿಯಿಂದ ಬೀಳ್ತದ, ಒಪ್ಪಿದೆ. ಹಗಲಿಗೆ ಸುಡುಸುಡು ಬಿಸಿಲು ಇರ್ತದಲ್ಲ, ಆಗ ಯಾಕ ಸುಧಾರಿಸಂಗಿಲ್ಲ?” ಎಂದು ಕೇಳಿದ ತಾಯಣ್ಣ.

“ಅರೆ ಭಾಯಿ, ಬಿಸಿಲೇ ದುಶ್ಮನ್! ಹಿಟ್ಟಿನ ಗಿರಣಿ ನೆನಸ್ಕೋ. ಎಲಿ ಅಂದ್ರ ಗಿರಣಿ, ಬೆಳಕು ಅಂದ್ರ ಮ್ಯಾಲಿಂದ ಸುರಿಯೋ ಜೋಳ. ರಾತ್ರಿ ಥಂಡಿಗೆ ಗಿರಣಿ ಸೆಟದಿರ್ತದ, ಬೆಳಿಗ್ಗೆ ಕಲ್ಲು ಮೆಲ್ಲಗ ತಿರಗಾಕತ್ತಿರ್ತದ. ಮ್ಯಾಲಿಂದ ಮಾತ್ರ ಚೀಲಕ್ಕ ಚೀಲ ಸುರಿಯಾಕತ್ತದ, ಯಾಕಂದ್ರ ನಮ್ಮ ಚಳಿಗಾಲದ ಆಕಾಶದಾಗ ಒಂದು ಮೋಡ ಇರಂಗಿಲ್ಲ. ಬೀಸಲಾರದಷ್ಟು ಬಂದ್ರ ಏನಾಗ್ತದ? ಗಿರಣಿ ಸುಡ್ತದ. ಆ ಹೊತ್ತಿನ್ಯಾಗ ಸುಳಿಯೊಳಗ ಬೆಳೆಯೋ ಎಲಿಗೆ ಹಸಿರೇ ಕೂಡಂಗಿಲ್ಲ. ಒಂದು ಥಂಡಿ ಬೆಳಗಿಗೆ ಒಂದು ಪಟ್ಟಿ!”

“ಜಂಬಮ್ಮನ ಜೋಳ ಯಾಕ ಸುಡಂಗಿಲ್ಲ?”

“ಅದರ ಗಿರಣಿ ಬ್ಯಾರೆ ಥರ ಕಟ್ಟಿರಬೇಕು. ಥಂಡ್ಯಾಗೂ ತಿರಗೋ ಕಲ್ಲು, ಹೆಚ್ಚಾದದ್ದು ಹೊರಗ ಚೆಲ್ಲೋ ಬಾಗಿಲು. ಒಂದು ಗಿಡ ತನ್ನಷ್ಟಕ್ಕ ತಾನೇ ಕಲ್ತದ್ದಲ್ಲ ಇದು. ತಾಯಿ ಬೀಜದಿಂದ ಮಗಳ ಬೀಜಕ್ಕ ಇಳೀತದ. ನೂರು ಗಿಡದಾಗ ನಾಕಕ್ಕೆ ಈ ಗುಣ ಇತ್ತು ಅಂತ ತಿಳಿ. ಥಂಡಿ ಬಿದ್ದ ವರ್ಷ ಉಳಿದವು ಜೊಳ್ಳು, ಆ ನಾಕು ಕಾಳು. ಮುಂದಿನ ವರ್ಷ ಬಿತ್ತೋದು ಆ ನಾಕರ ಮಕ್ಕಳನ್ನ. ಹಿಂಗ ನೂರು ವರ್ಷ. ಆರಿಸಿದವರು ಯಾರು? ಥಂಡಿನೇ!” ಎಂದ ಮಾಸ್ತರರು ತಟ್ಟನೆ ನಿಂತರು. “ಥಂಡಿ ಒಂದೇ ಅಲ್ಲ. ಏನಂದಿ ನೀನು, ವಿಭೂತಿ ಬಿದ್ದ ಗಿಡಕ್ಕ ದಾರ ಕಟ್ಟಂಗಿಲ್ಲ ಅಂದ್ಯಾ?”

“ಹೂಂ. ಅದು ದೇವ್ರದಂತ.”

“ಯಾ ಅಲ್ಲಾ!” ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂತರು. “ಕಾಳು ಕಟ್ಟೋಕಿಂತ ಒಂದು ತಿಂಗಳು ಮೊದಲೇ, ಎಲಿ ನೋಡಿ, ಥಂಡಿ ತಾಳಲಾರದ್ದನ್ನ ಬೀಜದಿಂದ ಹೊರಗ ಇಟ್ಟಾರಲ್ಲೋ ಆ ಹೆಣ್ಮಕ್ಕಳು! ನಾವು ಪುಸ್ತಕ ಓದಾಕತ್ತೀವಿ!”

ಅಂದು ಇಬ್ಬರೂ ಚಹಾ ಆರಿಹೋದದ್ದು ನೋಡಲಿಲ್ಲ. ಮಾಸ್ತರರ ತಾಯಿ ಹಸೀನಾ ಬೇಗಂ ಮೂರು ಸಲ ಬಿಸಿ ಮಾಡಿ, ನಾಲ್ಕನೆಯ ಸಲ ತಾವೇ ಕುಡಿದುಬಿಟ್ಟರು.

ಹೊಲಕ್ಕೆ ಗೆರೆ ಬಿತ್ತು. ಅಕ್ಟೋಬರ್ ಕೊನೆಗೆ ತಗ್ಗಿನ ಮೂಡಣ ಅರ್ಧಕ್ಕೆ ಹೊಸ ಬೀಜ, ಪಡುವಣ ಅರ್ಧಕ್ಕೆ ಗಡಿಗೆಯ ಕಡೆಯ ಕಾಳು. ಸಾಹೇಬರು ಹಳೆಯದೊಂದು ಥರ್ಮಾಮೀಟರ್ ಕೊಟ್ಟರು. “ತಾಯಣ್ಣ, ಬಾಯಿ ಮಾತು ಬೇಡ. ರಿಜಿಸ್ಟರಿನಲ್ಲಿ ಬಂದದ್ದನ್ನ ಮಾತ್ರ ನಾನು ನಂಬೋದು” ಎಂದರು. ತಾಯಣ್ಣ ಅದನ್ನು ತಗ್ಗಿನ ನಡುವೆ ಸಣ್ಣ ಪೆಟ್ಟಿಗೆ ಮಾಡಿ ಇಟ್ಟ. ಯಾರೂ ಓರೆ ಮಾಡದಿದ್ದರೆ ಕಡ್ಡಿ ವಾರವಿಡೀ ಜಾಗ ಬಿಡುವುದಿಲ್ಲ. ಭಾನುವಾರಕ್ಕೊಮ್ಮೆ ಬಂದು ಓದಿದರೆ ಸಾಕು.

ಆದರೆ ಥಂಡಿಯೇ ಬರಲಿಲ್ಲ! ನವೆಂಬರ್ ತುಂಬ ಮೋಡ. ರಾಯಚೂರಿನ ಜನ ‘ಈ ವರ್ಷ ಎಷ್ಟು ಹಿತ ಅದ ನೋಡ್ರಿ’ ಎಂದು ಖುಷಿಪಟ್ಟರು. ತಾಯಣ್ಣ ಪೆಟ್ಟಿಗೆ ತೆರೆದು ಹತ್ತೊಂಬತ್ತು ಡಿಗ್ರಿ ಬರೆದ, ಇಪ್ಪತ್ತು ಬರೆದ, ಊಟ ಬಿಟ್ಟ. ಥಂಡಿ ಬೀಳದಿದ್ದರೆ ತಗ್ಗು ಕೂಡ ದಿಬ್ಬವೇ. ಮತ್ತೆ ‘ವ್ಯತ್ಯಾಸವಿಲ್ಲ’ ಎಂದು ಬರುತ್ತದೆ, ಅಲ್ಲಿಗೆ ಆ ಗಡಿಗೆ ಮುಗಿಯಿತು. ಬೆಳಗಾಗುತ್ತಲೇ ಬಾಗಿಲು ತೆರೆದು ತೋಳು ಹೊರಗೆ ಚಾಚಿ ನೋಡುತ್ತಿದ್ದ.

“ಕೈ ಸೆಟೀತೇನು?” ಎಂದು ಒಳಗಿಂದ ಮೂಕಮ್ಮ ಕೇಳುತ್ತಿದ್ದಳು.

“ಇಲ್ಲ.”

“ಹರಕಿ ಹೊತ್ಕೊಳ್ಳೇನು ಮತ್ತ? ಯವ್ವಾ ನೀರಮಾನ್ವಿ ಯಲ್ಲಮ್ಮ, ನನ್ನ ಗಂಡನ್ನ ಗಡಗಡ ನಡುಗಸವ್ವಾ, ನಿನಗ ಉಡಿ ತುಂಬ್ತೀನಿ ಅಂತ?”

“ಹೊತ್ಕೋ,” ಎಂದ ತಾಯಣ್ಣ. ನಗಲಿಲ್ಲ.

ಹರಕೆ ಹೊತ್ತಳೋ ಇಲ್ಲವೋ ಅವಳು ಕಡೆಯವರೆಗೂ ಹೇಳಲಿಲ್ಲ. ಡಿಸೆಂಬರ್ ಎರಡನೇ ವಾರ ಮೋಡ ಒಮ್ಮೆಲೇ ಹರಿಯಿತು. ಆಕಾಶ ಉಜ್ಜಿ ತೊಳೆದಂತೆ ನೀಲಿ. ಫಾರಂನ ಕಡ್ಡಿ ಹದಿನೈದಕ್ಕೆ ಬಂತು, ಹದಿನಾಲ್ಕಕ್ಕೆ ಬಂತು, ಹದಿಮೂರಕ್ಕೆ ನಿಂತಿತು. ತಾಯಣ್ಣ ಹಲ್ಲು ಕಟಕಟಿಸುತ್ತ ಸೈಕಲ್ ಮೇಲೆ ಸಿಳ್ಳೆ ಹೊಡೆಯುತ್ತ ಬಂದದ್ದು ಕಂಡು ಹುಲಿಗೆಪ್ಪ ಈ ಸಲ ಏನೂ ಕೇಳಲಿಲ್ಲ.

ಎಳ್ಳಮಾಸಿಯ ದಿನ ಜಂಬಮ್ಮನ ಹೊಲಕ್ಕೆ ತಾಯಣ್ಣ, ಮೂಕಮ್ಮ, ಮಾಸ್ತರರು ಎಲ್ಲ ಹೋದರು. ತಾಯಣ್ಣ ಬುತ್ತಿಯ ಕಡೆಗೂ ನೋಡದೆ ಪೆಟ್ಟಿಗೆಗೆ ಓಡಿದ. ಬಗ್ಗಿ ಓದಿದ. ಕಣ್ಣೊರೆಸಿಕೊಂಡು ಮತ್ತೆ ಓದಿದ.

“ಏಳೂವರಿ! ಮಾಸ್ತರ, ಏಳೂವರಿ! ಫಾರಂ ದಿಬ್ಬದ ಮ್ಯಾಲ ಹದಿಮೂರು, ಇಲ್ಲಿ ಏಳೂವರಿ!”

ತಲೆ ಎತ್ತಿದರೆ ಮೂಡಣ ಅರ್ಧ ಹೊಲದ ತುಂಬ ವಿಭೂತಿ. ಎಲೆಗೆ ಮೂರು, ನಾಲ್ಕು ಪಟ್ಟೆ. ಗೆರೆಯ ಈಚೆ ಪಡುವಣ ಅರ್ಧ ಕಡುಹಸಿರಾಗಿ, ಮುಖ ತೊಳೆದಂತೆ ನಿಂತಿತ್ತು. ಎರಡರ ನಡುವಿನ ಗೆರೆ ದಿಬ್ಬದ ಮೇಲಿನಿಂದಲೂ ಕಾಣುತ್ತಿತ್ತು. ಅಂಬಣ್ಣ ಈ ಸಲ ಕಾಯಿ ಒಡೆಯಲಿಲ್ಲ, ಗೆರೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ಎರಡೂ ಕಡೆ ನೋಡಿದ.

ಊಟಕ್ಕೆ ಕೂತರು. ಸಜ್ಜೆ ರೊಟ್ಟಿ, ಭಜ್ಜಿ, ಎಳ್ಳಿನ ಹೋಳಿಗೆ. ತಾಯಣ್ಣನ ತಾಯಿ ಈ ಹೊಲದಲ್ಲಿ ಉಂಡದ್ದೆಲ್ಲ ಬದುವಿನ ಆಚೆ ಕೂತು. ಜಂಬಮ್ಮ ಅವನನ್ನೂ ಮೂಕಮ್ಮನನ್ನೂ ಬದುವಿನ ಈಚೆ, ತನ್ನ ಮಗ್ಗುಲಲ್ಲಿ ಕೂರಿಸಿಕೊಂಡಳು. ಉಂಡಾದ ಮೇಲೆ ಅವಳು ದಾರದ ಉಂಡೆ ಹಿಡಿದು ಪಡುವಣ ಅರ್ಧಕ್ಕೆ ಇಳಿದಳು.

ಎಲೆ ನೋಡಿದರೆ ಆಗಲಿಲ್ಲ, ತೆನೆ ಒತ್ತಿ ನೋಡಬೇಕು. ಥಂಡಿ ಸಂಕ್ರಾಂತಿಯವರೆಗೂ ಬಿಡಲಿಲ್ಲ. ಜನವರಿಯ ಕೊನೆಗೆ ಸಾಹೇಬರು ಜೀಪಿನಲ್ಲಿ ಬಂದರು. ಮೂಡಣ ಅರ್ಧಕ್ಕೆ ಇಳಿದು, ಸಾಲು ಸಾಲಿಗೆ ಒಂದೊಂದು ತೆನೆ ಒತ್ತಿದರು. ಜೊಳ್ಳು. ಜೊಳ್ಳು. ಜೊಳ್ಳು. ಗೆರೆಯ ಹತ್ತಿರ ಬಂದಂತೆ ಅವರ ಕೈ ನಿಂತಿತು. ಕೊನೆಯ ಐದಾರು ಸಾಲಿನ ತೆನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಇದ್ದವು!

ತಾಯಣ್ಣ ಆ ತೆನೆಗಳನ್ನು ತಾನೂ ಒತ್ತಿ ನೋಡಿದ. ಹೊಸ ಬೀಜವೂ ಥಂಡಿ ತಾಳಿತೇ? ಇನ್ನೇನು ಸಾಹೇಬರು ‘ವ್ಯತ್ಯಾಸ ಸ್ವಲ್ಪ’ ಎನ್ನುತ್ತಾರೆ, ಮುಗಿಯಿತು.

ಸಾಹೇಬರು ಗೆರೆ ದಾಟಿ ಪಡುವಣ ತೆನೆ ಒತ್ತಿದರು. ಹಾಲು ಚಿಮ್ಮಿ ಅವರ ಕನ್ನಡಕಕ್ಕೆ ಬಿತ್ತು. ಇನ್ನೊಂದು ಒತ್ತಿದರು, ಮತ್ತೊಂದು. ಕನ್ನಡಕ ಒರೆಸದೆಯೇ ತಿರುಗಿದರು. ಅಷ್ಟು ವರ್ಷದಲ್ಲಿ ಅವರು ಗಟ್ಟಿಯಾಗಿ ಮಾತಾಡಿದ್ದನ್ನು ತಾಯಣ್ಣ ಕೇಳಿದ್ದು ಅವತ್ತೇ.

“ತಾಯಣ್ಣ! ಅಲ್ಲಿ ಹೆಣ್ಣು ಉಳಿದಿದೆ ಕಣಯ್ಯ, ಗಂಡು ಮಾತ್ರ ಸತ್ತಿದೆ! ಹೊಸ ಬೀಜದ ಪರಾಗ ಥಂಡಿಗೆ ಕೆಟ್ಟುಹೋಗಿದೆ. ಗೆರೆ ಪಕ್ಕದ ಸಾಲಿಗೆ ಈ ಕಡೆಯಿಂದ ಗಾಳಿಯಲ್ಲಿ ಪರಾಗ ಹೋಗಿದೆ, ಅದಕ್ಕೇ ಅಲ್ಲಿ ಮಾತ್ರ ಕಾಳು. ಆ ಕಾಳಿಗೂ ಈ ಅಮ್ಮನ ಜೋಳವೇ ಅಪ್ಪ!”

ಅವರ ಮಾತು ಅರ್ಧ ತಿಳಿದ ಜಂಬಮ್ಮ ಅಂಬಣ್ಣನನ್ನು ಕೇಳಿದಳು. ಅವನು ಕೆಂಪಾಗಿ, ತನಗೆ ತಿಳಿದಂತೆ ಬಿಡಿಸಿ ಹೇಳಿದ.

“ಇದಕ್ಕ ಜೀಪಿನ್ಯಾಗ ಬರಬೇಕಾತೇನ್ರಿ ಸಾಹೇಬ್ರ?” 
ಜಂಬಮ್ಮ ಸೊಂಟಕ್ಕೆ ಕೈಯಿಟ್ಟಳು. “ಥಂಡಿ ಬಿತ್ತಂದ್ರ ಮೊದಲು ಮುದುಡಿಕೊಳ್ಳೋವ್ರು ಗಂಡಸ್ರೇ. ನಮ್ಮನ್ನ ಕೇಳಿದ್ರ ಹೇಳ್ತಿದ್ದಿಲ್ಲೇನು?”

ಸಾಹೇಬರು ನಕ್ಕರು, ಮಾಸ್ತರರು ನಕ್ಕರು, ಡ್ರೈವರ್ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕ. ತಾಯಣ್ಣ ನಗುತ್ತಿದ್ದನೋ ಅಳುತ್ತಿದ್ದನೋ, ಜೋಳದೊಳಗೆ ನಿಂತಿದ್ದರಿಂದ ಯಾರಿಗೂ ಕಾಣಲಿಲ್ಲ. ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ರಿಜಿಸ್ಟರ್ ಬಿಚ್ಚಿ, ‘ವ್ಯತ್ಯಾಸವಿಲ್ಲ’ ಎಂಬ ಹಳೆಯ ಸಾಲಿನ ಕೆಳಗೆ ‘ಜಾಗ ತಪ್ಪು’ ಎಂದು ಬರೆದು ಸಹಿ ಹಾಕಿದರು. ಆಮೇಲೆ ಹೊಸ ಪುಟ ತಿರುಗಿಸಿದರು. ಸುಗ್ಗಿಯಲ್ಲಿ ಅಂಬಣ್ಣನೇ ಕುಂಬಾರರ ಮನೆಗೆ ಹೋಗಿ ಆರು ಗಡಿಗೆ ತಂದ.

ಆಮೇಲಿನ ವರ್ಷಗಳಲ್ಲಿ ಹಳ್ಳದ ದಂಡೆಯ ತಗ್ಗುಗಳಲ್ಲೆಲ್ಲ ಆ ಜೋಳ ನಿಂತಿತು. ದಿಬ್ಬಕ್ಕೆ ಹೊಸದು, ತಗ್ಗಿಗೆ ಜಂಬಮ್ಮನದು. ತಾಯಣ್ಣ ಪ್ರತಿ ಎಳ್ಳಮಾಸಿಗೂ ಹೋಗಿ ಪೆಟ್ಟಿಗೆ ತೆರೆದು ಓದಿ, ಮಾನ್ವಿಗೆ ಒಂದು ಕಾರ್ಡು ಬರೆಯುತ್ತಿದ್ದ. ಕಾರ್ಡಿನಲ್ಲಿ ಒಂದೇ ಅಂಕಿ ಇರುತ್ತಿತ್ತು. ಎಂಟು, ಅಥವಾ ಒಂಬತ್ತು. ಈ ವರ್ಷದ್ದು ಏಳು. ಅದೇ ಕೊನೆಯದು.

ಅವನು ಹೋದ ಮೂರನೆಯ ದಿನ ರಾಯಚೂರಿನ ಮನೆಗೆ ಜಂಬಮ್ಮ ಬಂದಳು. ಎಪ್ಪತ್ತರ ಮುದುಕಿ, ಅಂಬಣ್ಣನ ತೋಳು ಹಿಡಿದು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ತಾಯಣ್ಣನ ಮಫ್ಲರು ಮೊಳೆಗೆ ಹಾಗೇ ಇತ್ತು. ಮೂಕಮ್ಮ ಮೂರು ದಿನದಿಂದ ಅತ್ತಿರಲಿಲ್ಲ, ಉಂಡಿರಲಿಲ್ಲ, ಗೋಡೆಗೆ ಒರಗಿ ಕೂತಿದ್ದಳು. ಜಂಬಮ್ಮ ಅವಳ ಮಗ್ಗುಲಲ್ಲಿ ಕೂತಳು. ಸೆರಗಿನ ಗಂಟು ಬಿಚ್ಚಿ, ಕೆಂಪು ದಾರ ಕಟ್ಟಿದ ಹಸಿ ತೆನೆಯೊಂದನ್ನು ಅವಳ ಕೈಯಲ್ಲಿಟ್ಟಳು.

“ಮನ್ನೆ ಬಂದಾಗ ಕಡ್ಡಿ ಏಳಕ್ಕ ಬಂದದ, ಕಾಳು ಕಟ್ತದೋ ಇಲ್ಲೋ ಯವ್ವಾ ಅಂತ ಚಿಂತಿ ಮಾಡ್ಕೊಂತ ಹೋದ ನಿನ್ನ ಗಂಡ. ತಿಳಿಲಾರ್ದಂಗ ಹೋದ. ನೀನರ ಒತ್ತಿ ನೋಡವ್ವಾ.”

ಮೂಕಮ್ಮ ತೆನೆಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಕಾಳು ಒತ್ತಿದಳು. ಹಾಲು ಚಿಮ್ಮಿ ಅವಳ ಬಳೆಗೆ, ಮಣಿಕಟ್ಟಿಗೆ ಹರಿಯಿತು.

“ಕಟ್ಟೇದ,” ಎಂದಳು. “ಕಟ್ಟೇದ ನೋಡ್ರಿ,” ಎಂದು ಮೊಳೆಯ ಮೇಲಿನ ಮಫ್ಲರಿಗೆ ಹೇಳಿ, ಆಗ ಅತ್ತಳು.